ತಲೆಯ ಮೇಲಿನ ಮೂಟೆಗೆ ಬಗ್ಗದ ಬೆನ್ನು ನೆಲದ ಮೇಲಿನ ಮೂಟೆಗೆ ಏಕೆ ಸೋಲುತ್ತದೆ?

ಪ್ರಶ್ನೆ
ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಒಂಬತ್ತನೆಯ ತರಗತಿಗೆ ಅಸ್ಥಿಪಂಜರದ ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಗೆ ನನ್ನಿಂದ ಸರಿಯಾದ ಉತ್ತರ ಕೊಡಲಾಗಲಿಲ್ಲ. ಅವಳು ಕಾಫಿ ತೋಟದ ಲೈನ್‌ಮನೆಯಿಂದ ಬರುವ ಹುಡುಗಿ. ಕೊಯ್ಲಿನ ದಿನಗಳಲ್ಲಿ ಅವಳ ತಂದೆ ಗೋಣಿಯನ್ನು ಮಡಿಚಿ ತಲೆಗಿಟ್ಟುಕೊಂಡು, ಅದರ ಮೇಲೆ 50 ಕಿಲೋ ತೂಕದ ಕಾಫಿ ಮೂಟೆ ಹೊತ್ತು, ಕಣದಿಂದ ಲಾರಿಯವರೆಗೆ ದಿನವಿಡೀ ಓಡಾಡುತ್ತಾರೆ. ಹತ್ತು ಹದಿನೈದು ವರ್ಷಗಳಿಂದ ಹೀಗೆ ಹೊತ್ತರೂ ಅವರಿಗೆ ಏನೂ ಆಗಿರಲಿಲ್ಲ. ಈ ಸಲ ರೊಬಸ್ಟಾ ಕೊಯ್ಲು ಮುಗಿಯುವ ಹೊತ್ತಿಗೆ, ಅಂಥದ್ದೇ ಒಂದು ಮೂಟೆಯನ್ನು ನೆಲದಿಂದ ಎತ್ತಿ ತಕ್ಕಡಿಗೆ ಇಡಲು ಬಗ್ಗಿದಾಗ ಸೊಂಟ ಹಿಡಿದುಕೊಂಡು, ಎರಡು ವಾರ ಮಲಗಿದ್ದಲ್ಲೇ ಇದ್ದರಂತೆ. ನೋವು ಬಲಗಾಲಿನ ಹಿಂಭಾಗದಲ್ಲಿ ಪಾದದವರೆಗೂ ಇಳಿಯುತ್ತಿತ್ತಂತೆ.

ಅವಳು ಕೇಳಿದ್ದು ಇಷ್ಟೇ: ಮೂಟೆ ಅದೇ, ಮನುಷ್ಯನೂ ಅವನೇ, ಮೂಳೆಗಳೂ ಅವೇ, ಹಾಗಿರುವಾಗ ತಲೆಯ ಮೇಲಿದ್ದಾಗ ಆಗದ ಪೆಟ್ಟು ಕೈಯಲ್ಲಿದ್ದಾಗ ಏಕೆ ಆಯಿತು? “ತಪ್ಪಾಗಿ ಬಗ್ಗಿದ್ದರಿಂದ” ಎಂದು ನಾನು ಹೇಳಿದೆ. ಹೇಳುತ್ತಿರುವಾಗಲೇ ಅದು ಉತ್ತರವಲ್ಲವೆಂದು ನನಗೆ ಅನ್ನಿಸಿತು. ಅವಳ ಮುಖವೂ ಅದನ್ನೇ ಹೇಳುತ್ತಿತ್ತು. “ಡಿಸ್ಕ್ ಜಾರಿದೆ ಎಂದರಂತೆ, ಎಲ್ಲಿಂದ ಎಲ್ಲಿಗೆ ಜಾರಿತು ಸಾರ್?” ಎಂದೂ ಕೇಳಿದಳು.

ಜೊತೆಗೆ ನನ್ನದೇ ಒಂದು ಗೊಂದಲವಿದೆ. ಪಾಠದಲ್ಲಿ ಬೆನ್ನುಮೂಳೆಯ ಮಣಿಗಳು 33 ಎಂದಿದೆ. ಪ್ರಯೋಗಾಲಯದ ಗೋಡೆಯ ಚಿತ್ರಪಟದಲ್ಲಿ 26 ಎಂದಿದೆ. ಯಾವುದನ್ನು ಕಲಿಸಬೇಕು? ಬಲ್ಲವರು ಬಿಡಿಸಿ ಬರೆದರೆ ನನಗಿಂತ ಹೆಚ್ಚು ಆ ಮಗುವಿಗೆ ಉಪಕಾರವಾಗುತ್ತದೆ.


ಉತ್ತರ 1
ಶರೀರರಚನಾಶಾಸ್ತ್ರದ ನಿವೃತ್ತ ಬೋಧಕ, ಮಡಿಕೇರಿ

ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಬಹಳ ಒಳ್ಳೆಯದು. ವೈದ್ಯಕೀಯ ವಿದ್ಯಾರ್ಥಿಗಳು ಮಣಿಗಳ ಹೆಸರನ್ನೆಲ್ಲ ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಆದರೆ ಇಂಥ ಪ್ರಶ್ನೆಯನ್ನು ಅಪರೂಪಕ್ಕೂ ಕೇಳುವುದಿಲ್ಲ.

ಮೊದಲು ಲೆಕ್ಕವನ್ನು ಮುಗಿಸಿಬಿಡೋಣ. ಎರಡೂ ಸಂಖ್ಯೆಗಳು ಸರಿ. ಹುಟ್ಟುವಾಗ ಸಾಮಾನ್ಯವಾಗಿ 33 ಮಣಿಗಳಿರುತ್ತವೆ: ಕತ್ತಿನಲ್ಲಿ 7, ಎದೆಯ ಹಿಂದೆ 12, ಸೊಂಟದಲ್ಲಿ 5, ಅದರ ಕೆಳಗೆ ತ್ರಿಕ ಭಾಗದಲ್ಲಿ 5, ತೀರ ತುದಿಯ ಬಾಲದ ಮೂಳೆಯಲ್ಲಿ ಸುಮಾರು 4. ಹದಿಹರೆಯದಿಂದ ಇಪ್ಪತ್ತೈದರ ಆಸುಪಾಸಿನೊಳಗೆ ತ್ರಿಕದ ಐದೂ ಬೆಸೆದು ಒಂದೇ ಮೂಳೆಯಾಗುತ್ತವೆ, ಬಾಲದ ಮಣಿಗಳೂ ಒಂದಾಗುತ್ತವೆ. ಬೆಸೆಯದೆ ಉಳಿದ 24ಕ್ಕೆ ಈ ಎರಡನ್ನು ಸೇರಿಸಿದರೆ ವಯಸ್ಕರಲ್ಲಿ 26. ಕೆಲವರಲ್ಲಿ ಸೊಂಟದ ಐದನೆಯ ಮಣಿ ತ್ರಿಕಕ್ಕೆ ಅಂಟಿಕೊಂಡಿರುವುದೂ, ಇನ್ನು ಕೆಲವರಲ್ಲಿ ತ್ರಿಕದ ಮೊದಲನೆಯದು ಬಿಡಿಯಾಗಿ ಉಳಿದಿರುವುದೂ ಉಂಟು. ಅಂಥವರಿಗೆ ಅದರಿಂದ ತೊಂದರೆ ಆಗಲೇಬೇಕೆಂದಿಲ್ಲ.

ಇನ್ನು ಮಕ್ಕಳಿಗೆ ಕಲಿಸುವಾಗ ನಾವೆಲ್ಲರೂ ಮಾಡುವ ಒಂದು ತಪ್ಪು ಇದೆ. ಬೆನ್ನುಮೂಳೆಯನ್ನು ಕಂಬಕ್ಕೆ ಹೋಲಿಸುತ್ತೇವೆ. ಕೊಡವರ ಹಿರಿಯರ ಮನೆಯಾದ ಐನ್‌ಮನೆಯ ಕಂಬ ಒಂದೇ ಮರದ ದಿಮ್ಮಿ. ನೇರ ನಿಂತು ಮಾಡನ್ನು ಹೊರುವುದೊಂದೇ ಅದರ ಕೆಲಸ. ಅದು ಬಗ್ಗಬೇಕಾಗಿಲ್ಲ, ತಿರುಗಬೇಕಾಗಿಲ್ಲ, ತನ್ನೊಳಗೆ ಯಾವ ನರವನ್ನೂ ಕಾಪಾಡಬೇಕಾಗಿಲ್ಲ. ಬೆನ್ನುಮೂಳೆ ಈ ಎಲ್ಲವನ್ನೂ ಒಟ್ಟಿಗೆ ಮಾಡಬೇಕು. ಭಾರ ಹೊರಲು ಗಟ್ಟಿತನ ಬೇಕು, ಬಗ್ಗಲು ಬಿಡಿಬಿಡಿಯಾಗಿರಬೇಕು. ಒಂದಕ್ಕೊಂದು ವಿರುದ್ಧವಾದ ಈ ಎರಡು ಅಗತ್ಯಗಳನ್ನು ಹೊಂದಿಸಲೆಂದೇ ಒಂದೊಂದು ಭಾಗದ ಮಣಿಯೂ ಬೇರೆ ಬೇರೆ ಆಕಾರ ತಳೆದಿದೆ.

ಸಾಮಾನ್ಯ ಮಣಿಯೊಂದರ ಮುಂಭಾಗ ದಪ್ಪನೆಯ ದುಂಡು ತುಂಡು. ಭಾರ ಹೊರುವುದು ಮುಖ್ಯವಾಗಿ ಅದು. ಹಿಂಭಾಗದಲ್ಲಿ ಒಂದು ಕಮಾನು ಇದ್ದು, ಎರಡರ ನಡುವಿನ ರಂಧ್ರಗಳೆಲ್ಲ ಒಂದರ ಮೇಲೊಂದು ಸೇರಿ ಆಗುವ ಕೊಳವೆಯಲ್ಲಿ ಬೆನ್ನುಹುರಿ ಇಳಿಯುತ್ತದೆ. ಬೆನ್ನುಮೂಳೆಯೇ ಬೇರೆ, ಬೆನ್ನುಹುರಿಯೇ ಬೇರೆ ಎಂಬುದನ್ನು ದಯವಿಟ್ಟು ತರಗತಿಯಲ್ಲಿ ಒತ್ತಿ ಹೇಳಿ. ಪತ್ರಿಕೆಗಳಲ್ಲಿಯೂ ಇವೆರಡನ್ನು ಬೆರೆಸಿ ಬರೆಯುವುದನ್ನು ಕಾಣುತ್ತೇನೆ. ವಯಸ್ಕರಲ್ಲಿ ಹುರಿ ಸೊಂಟದ ಒಂದನೆಯ ಅಥವಾ ಎರಡನೆಯ ಮಣಿಯ ಮಟ್ಟದಲ್ಲಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಕುದುರೆಯ ಬಾಲದ ಕೂದಲಿನಂತೆ ನರಗಳ ಕಟ್ಟು ಮಾತ್ರ ಇರುತ್ತದೆ. ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡುವಾಗ ವೈದ್ಯರು ಸೊಂಟದ ಮೂರು ಮತ್ತು ನಾಲ್ಕನೆಯ, ಇಲ್ಲವೇ ನಾಲ್ಕು ಮತ್ತು ಐದನೆಯ ಮಣಿಗಳ ನಡುವೆ ಸೂಜಿ ಹಾಕುವುದು ಈ ಕಾರಣಕ್ಕೆ. ಕಮಾನಿನಿಂದ ಹೊರಗೆ ಏಳು ಚಾಚುಗಳು ಹೊರಟಿವೆ. ಬೆನ್ನಿನ ನಡುವೆ ಬೆರಳಾಡಿಸಿದರೆ ಗುಬುಟು ಗುಬುಟಾಗಿ ಸಿಗುವುದು ಹಿಂದಕ್ಕೆ ಚಾಚಿದ ಒಂದು, ಪಕ್ಕಕ್ಕೆ ಎರಡು, ಉಳಿದ ನಾಲ್ಕು ಮೇಲಿನ ಮತ್ತು ಕೆಳಗಿನ ಮಣಿಗಳೊಂದಿಗೆ ಕೀಲಾಗುತ್ತವೆ. ಯಾವ ದಿಕ್ಕಿಗೆ ಎಷ್ಟು ತಿರುಗಬಹುದೆಂದು ನಿರ್ಧರಿಸುವುದು ಈ ಕೀಲುಗಳ ಮುಖ ಯಾವ ಕಡೆಗಿದೆ ಎಂಬುದು.

ಕತ್ತಿನ ಮೇಲಿನ ಎರಡು ಮಣಿಗಳನ್ನು ನೋಡಿದಾಗಲೆಲ್ಲ ನನಗೆ ಈಗಲೂ ಬೆರಗಾಗುತ್ತದೆ. ಮೊದಲನೆಯದಾದ ಅಟ್ಲಾಸ್‌ಗೆ ದಪ್ಪನೆಯ ಮುಂಭಾಗವೇ ಇಲ್ಲ. ಅದು ಬರಿಯ ಉಂಗುರ, ಥೇಟ್ ಸಿಂಬೆ. ಗ್ರೀಕ್ ಪುರಾಣದಲ್ಲಿ ಆಕಾಶವನ್ನು ಹೊತ್ತವನ ಹೆಸರನ್ನು ಅದಕ್ಕಿಟ್ಟಿದ್ದಾರೆ. ನಾಲ್ಕೂವರೆಯಿಂದ ಐದು ಕಿಲೋ ತೂಕದ ತಲೆ ಅದರ ಮೇಲೆ ಕೂತಿರುತ್ತದೆ. ‘ಹೌದು’ ಎಂದು ತಲೆಯಾಡಿಸುವುದು ಮುಖ್ಯವಾಗಿ ತಲೆಬುರುಡೆ ಮತ್ತು ಅಟ್ಲಾಸ್ ನಡುವಿನ ಕೀಲಿನಲ್ಲಿ. ಎರಡನೆಯದಾದ ಆಕ್ಸಿಸ್‌ನಿಂದ ಹಲ್ಲಿನಂಥ ಒಂದು ಗೂಟ ಮೇಲೆದ್ದು ಅಟ್ಲಾಸ್‌ನ ಉಂಗುರದೊಳಗೆ ನಿಂತಿದೆ. ‘ಇಲ್ಲ’ ಎನ್ನುವಾಗ ಉಂಗುರವು ಆ ಗೂಟದ ಸುತ್ತ ತಿರುಗುತ್ತದೆ. ಕತ್ತು ಪಕ್ಕಕ್ಕೆ ತಿರುಗುವುದರಲ್ಲಿ ಸುಮಾರು ಅರ್ಧದಷ್ಟು ಈ ಒಂದೇ ಕೀಲಿನಲ್ಲಿ ಆಗುತ್ತದೆ. ಕತ್ತಿನ ಮಣಿಗಳ ಪಕ್ಕದ ಚಾಚುಗಳಲ್ಲಿ ತೂತುಗಳಿದ್ದು, ಮಿದುಳಿನ ಹಿಂಭಾಗಕ್ಕೆ ರಕ್ತ ಒಯ್ಯುವ ಧಮನಿಗಳು ಅವುಗಳ ಮೂಲಕ ಹತ್ತುತ್ತವೆ. ಇನ್ನೊಂದು ಮಾತು ಮಕ್ಕಳಿಗೆ ಇಷ್ಟವಾಗಬಹುದು: ದುಬಾರೆಯ ಆನೆಯ ಗಿಡ್ಡ ಕತ್ತಿನಲ್ಲಿಯೂ, ಜಿರಾಫೆಯ ಉದ್ದ ಕತ್ತಿನಲ್ಲಿಯೂ, ನಮ್ಮ ಕತ್ತಿನಲ್ಲಿಯೂ ಮಣಿಗಳು ಏಳೇ. ಸ್ಲಾತ್ ಮತ್ತು ಮ್ಯಾನಟಿಗಳನ್ನು ಬಿಟ್ಟರೆ ಸಸ್ತನಿಗಳಲ್ಲಿ ಹೆಚ್ಚು ಕಡಿಮೆ ಎಲ್ಲಕ್ಕೂ ಇದೇ ಲೆಕ್ಕ.

ಎದೆಯ ಹಿಂದಿನ 12 ಮಣಿಗಳಿಗೆ 12 ಜೊತೆ ಪಕ್ಕೆಲುಬುಗಳು ಕೂಡಿಕೊಂಡಿವೆ. ಹೃದಯ ಮತ್ತು ಶ್ವಾಸಕೋಶಗಳನ್ನು ಕಾಯುವ ಗೂಡಿಗೆ ಅವೇ ಹಿಂಗೋಡೆಯಾದ್ದರಿಂದ ಅಲ್ಲಿ ಬಗ್ಗುವಿಕೆ ಕಡಿಮೆ, ಗಟ್ಟಿತನ ಹೆಚ್ಚು. ಸೊಂಟದ 5 ಮಣಿಗಳು ಎಲ್ಲಕ್ಕಿಂತ ದೊಡ್ಡವು, ಏಕೆಂದರೆ ಮೇಲಿನದೆಲ್ಲದರ ಭಾರ ಅವುಗಳಿಗೆ ಬರುತ್ತದೆ. ಅಲ್ಲಿನ ಕೀಲುಗಳ ಮುಖಗಳು ಮುಂದಕ್ಕೂ ಹಿಂದಕ್ಕೂ ಬಗ್ಗಲು ಬಿಡುತ್ತವೆ, ತಿರುಚಲು ಬಹಳ ಬಿಡುವುದಿಲ್ಲ. ತ್ರಿಕವು ಎರಡೂ ಬದಿಯ ಸೊಂಟದೆಲುಬುಗಳ ನಡುವೆ ಬೆಣೆಯಂತೆ ಕೂತು ಭಾರವನ್ನು ಕಾಲುಗಳಿಗೆ ಹಂಚುತ್ತದೆ.

ಈಗ ಮೂಟೆಯ ವಿಷಯ. ಅವಳ ಪ್ರಶ್ನೆಗೆ ಉತ್ತರ ಮೂಳೆಯಲ್ಲಿ ಇಲ್ಲ, ಸನ್ನೆಕೋಲಿನಲ್ಲಿದೆ. 60 ಕಿಲೋ ತೂಕದ ಮನುಷ್ಯನಲ್ಲಿ ಸೊಂಟದ ಕೊನೆಯ ಮಣಿಯ ಮೇಲೆ ತಲೆ, ಕೈ, ಮುಂಡ ಎಲ್ಲ ಸೇರಿ ಸುಮಾರು 35 ಕಿಲೋ ಇದೆ ಎಂದುಕೊಳ್ಳೋಣ. ತಲೆಯ ಮೇಲೆ 50 ಕಿಲೋ ಮೂಟೆ ಇಟ್ಟು ನೇರ ನಿಂತರೆ ಎರಡೂ ಸೇರಿ 85 ಕಿಲೋ. ಭಾರದ ಗೆರೆ ಹೆಚ್ಚು ಕಡಿಮೆ ಮಣಿಗಳ ಮೇಲೆಯೇ ಇಳಿಯುವುದರಿಂದ ಬೆನ್ನಿನ ಸ್ನಾಯುಗಳು ತೂಗಾಟವನ್ನು ಸರಿಪಡಿಸುವಷ್ಟು ಎಳೆದರೆ ಸಾಕು. ಆ ಎಳೆತವನ್ನೂ ಸೇರಿಸಿ ಸುಮಾರು 90ರಿಂದ 100 ಕಿಲೋ ಎನ್ನಿ. ಈಗ ಅದೇ ಮನುಷ್ಯ ಬಗ್ಗಿ ಮೂಟೆಯನ್ನು ತನ್ನ ಬೆನ್ನುಮೂಳೆಯಿಂದ 40 ಸೆಂಟಿಮೀಟರ್ ಮುಂದೆ ಹಿಡಿದಿದ್ದಾನೆ. 50ನ್ನು 40ರಿಂದ ಗುಣಿಸಿದರೆ 2000. ಬಗ್ಗಿದ ಮುಂಡದ ತೂಕವೂ ಮುಂದಕ್ಕೆ ಬಂದಿದೆ. ಅದನ್ನು 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ 35ನ್ನು 20ರಿಂದ ಗುಣಿಸಿ 700. ಒಟ್ಟು 2700. ಇಷ್ಟನ್ನು ತಡೆದು ಹಿಡಿಯಬೇಕಾದ ಬೆನ್ನಿನ ಸ್ನಾಯುಗಳು, ಎರಡು ಮಣಿಗಳ ನಡುವಿನ ಮೆತ್ತೆಯಾದ ಡಿಸ್ಕಿನ ಮಧ್ಯದಿಂದ ಹಿಂದಕ್ಕೆ ಸುಮಾರು 5 ಸೆಂಟಿಮೀಟರ್ ದೂರದಲ್ಲಷ್ಟೇ ಇವೆ. 2700ನ್ನು 5ರಿಂದ ಭಾಗಿಸಿ ನೋಡಿ: 540 ಕಿಲೋ ತೂಕಕ್ಕೆ ಸಮನಾದ ಎಳೆತ. ಸ್ನಾಯು ಎಳೆದಷ್ಟೂ ಮಣಿಗಳು ಒಂದರ ಮೇಲೊಂದು ಅದುಮುತ್ತವೆ. ಹೊಟ್ಟೆಯೊಳಗಿನ ಒತ್ತಡ ಇದರಲ್ಲಿ ಸ್ವಲ್ಪವನ್ನು ತಗ್ಗಿಸಬಹುದು. ಆದರೂ ತಲೆಹೊರೆಯ ಐದಾರು ಪಟ್ಟು ಅದುಮಿಕೆ ಅಲ್ಲಿ ಬೀಳುತ್ತದೆ. ಮೂಟೆಯ ತೂಕ ಬದಲಾಗಲಿಲ್ಲ, ಮೂಟೆಯ ದೂರ ಬದಲಾಯಿತು.

ಇದು ಲೆಕ್ಕದ ಮಾತಷ್ಟೇ ಅಲ್ಲ. ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜೀವಂತ ಮನುಷ್ಯರ ಸೊಂಟದ ಡಿಸ್ಕಿನೊಳಕ್ಕೆ ಸೂಜಿ ತೂರಿಸಿ ಒತ್ತಡವನ್ನು ಅಳೆದರು. ಮಲಗಿದಾಗ ಅತಿ ಕಡಿಮೆ, ನಿಂತಾಗ ಅದಕ್ಕಿಂತ ಹೆಚ್ಚು, ಕುಳಿತಾಗ ಇನ್ನೂ ಹೆಚ್ಚು, ಮುಂದಕ್ಕೆ ಬಾಗಿ ಭಾರ ಎತ್ತುವಾಗ ಎಲ್ಲಕ್ಕಿಂತ ಹೆಚ್ಚು ಎಂಬುದು ಅವರಿಗೆ ಸಿಕ್ಕ ಕ್ರಮ.


ಉತ್ತರ 2
ಫಿಸಿಯೋಥೆರಪಿಸ್ಟ್, ಗೋಣಿಕೊಪ್ಪ

ಹಿರಿಯರ ಉತ್ತರಕ್ಕೆ ಗೌರವದಿಂದ ಒಂದು ತಿದ್ದುಪಡಿಯನ್ನು ಸೇರಿಸುತ್ತೇನೆ. ಕುಳಿತರೆ ನಿಂತದ್ದಕ್ಕಿಂತ ಒತ್ತಡ ಹೆಚ್ಚು ಎಂಬ ಭಾಗವನ್ನು 1999ರಲ್ಲಿ ಪ್ರಕಟವಾದ ಜರ್ಮನಿಯ ಅಳತೆಗಳು ಪೂರ್ತಿಯಾಗಿ ಬೆಂಬಲಿಸಲಿಲ್ಲ; ಆರಾಮವಾಗಿ ಒರಗಿ ಕುಳಿತಾಗ ಒತ್ತಡವು ನಿಂತಾಗಿನದಕ್ಕಿಂತ ಕಡಿಮೆಯೂ ಇರಬಹುದೆಂದು ಅಲ್ಲಿ ಕಂಡುಬಂತು. ಬಾಗಿ ಭಾರ ಎತ್ತುವಾಗಲೇ ಅತಿ ಹೆಚ್ಚು ಎಂಬ ವಿಷಯದಲ್ಲಿ ಮಾತ್ರ ಎರಡೂ ಅಳತೆಗಳು ಒಪ್ಪುತ್ತವೆ. ನಮ್ಮ ಚರ್ಚೆಗೆ ಬೇಕಾದದ್ದು ಅದೇ.

ಡಿಸ್ಕ್ ಎಲ್ಲಿಂದ ಎಲ್ಲಿಗೆ ಜಾರಿತು ಎಂದು ಆ ಹುಡುಗಿ ಕೇಳಿದ್ದು ನ್ಯಾಯವಾಗಿದೆ, ಏಕೆಂದರೆ ಡಿಸ್ಕ್ ಜಾರುವುದೇ ಇಲ್ಲ. ಎರಡು ಮಣಿಗಳ ನಡುವಿನ ಈ ಮೆತ್ತೆ ಮೇಲೂ ಕೆಳಗೂ ಮಣಿಗಳಿಗೆ ಬಲವಾಗಿ ಅಂಟಿಕೊಂಡಿರುತ್ತದೆ. ತಲೆಬುರುಡೆ ಮತ್ತು ಅಟ್ಲಾಸ್ ನಡುವೆ, ಅಟ್ಲಾಸ್ ಮತ್ತು ಆಕ್ಸಿಸ್ ನಡುವೆ ಡಿಸ್ಕ್ ಇಲ್ಲ. ಅದರ ಕೆಳಗೆ ಒಟ್ಟು 23 ಇವೆ, ಬೆನ್ನುಮೂಳೆಯ ಉದ್ದದಲ್ಲಿ ಸುಮಾರು ಕಾಲು ಭಾಗ ಅವುಗಳದ್ದೇ. ಡಿಸ್ಕಿನ ನಡುವೆ ಲೋಳೆಯಂಥ ತಿರುಳು, ಸುತ್ತಲೂ ನಾರಿನ ಹಲವು ಪದರಗಳ ಬಳೆ. ಒಂದು ಪದರದ ನಾರು ಒಂದು ಕಡೆಗೆ ಓರೆಯಾಗಿದ್ದರೆ ಮುಂದಿನ ಪದರದ್ದು ಎದುರು ಕಡೆಗೆ ಓರೆ; ಬಿದಿರಿನ ಬುಟ್ಟಿಯ ಹೆಣಿಗೆಯನ್ನು ನೆನೆಸಿಕೊಂಡರೆ ಅದರ ಬಲ ಅರ್ಥವಾಗುತ್ತದೆ. ಮುಂದಕ್ಕೆ ಬಗ್ಗಿದಾಗ ಮಣಿಗಳ ಮುಂಬದಿ ಹತ್ತಿರವಾಗಿ ತಿರುಳು ಹಿಂದಕ್ಕೆ ಒತ್ತುತ್ತದೆ. ಬಳೆಯ ಹಿಂಭಾಗ ತೆಳು. ಅದಕ್ಕೆ ಬೆಂಬಲವಾಗಿ ಮೇಲಿನಿಂದ ಇಳಿದುಬರುವ ಪಟ್ಟಿಯಂಥ ಅಸ್ಥಿರಜ್ಜು ಕೂಡ ಸೊಂಟಕ್ಕೆ ಬರುವ ಹೊತ್ತಿಗೆ ಕಿರಿದಾಗಿರುತ್ತದೆ. ಹೀಗಾಗಿ ವರ್ಷಗಳಿಂದ ಸವೆದ ಬಳೆ ಒಂದು ದಿನ ಬಿರಿದಾಗ ತಿರುಳು ಹಿಂದಕ್ಕೂ ಪಕ್ಕಕ್ಕೂ ಓರೆಯಾಗಿ ಉಬ್ಬುತ್ತದೆ ಅಥವಾ ಹೊರಬರುತ್ತದೆ, ಮತ್ತು ದುರದೃಷ್ಟವಶಾತ್ ನರದ ಬೇರು ಇರುವುದು ಸರಿಯಾಗಿ ಆ ಜಾಗದಲ್ಲಿ. ಇದು ಹೆಚ್ಚಾಗಿ ಆಗುವುದು ಸೊಂಟದ ನಾಲ್ಕು ಮತ್ತು ಐದನೆಯ ಮಣಿಗಳ ನಡುವೆ, ಇಲ್ಲವೇ ಐದನೆಯ ಮಣಿ ಮತ್ತು ತ್ರಿಕದ ನಡುವೆ. ಅಲ್ಲಿಂದ ಹೊರಡುವ ನರದ ಹಾದಿ ಪೃಷ್ಠ, ತೊಡೆಯ ಹಿಂಭಾಗ, ಮೀನಖಂಡ, ಪಾದ. ಆದ್ದರಿಂದ ಬೆನ್ನಿನಲ್ಲಿ ಆದ ಪೆಟ್ಟಿನ ನೋವು ಪಾದದಲ್ಲಿ ಕಾಣಿಸಿಕೊಳ್ಳುತ್ತದೆ. ಕಾಲಿನ ಈ ನೋವಿಗೂ ಡಿಸ್ಕಿಗೂ ಇರುವ ಸಂಬಂಧವನ್ನು ಶಸ್ತ್ರಚಿಕಿತ್ಸೆಯಿಂದ ತೋರಿಸಿಕೊಟ್ಟವರು ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್, 1934ರಲ್ಲಿ.

ಅವಳ ತಂದೆಯವರ ಬಗ್ಗೆ ದೂರದಿಂದ ಇಷ್ಟನ್ನೇ ಹೇಳಬಹುದು. ಇಂಥ ಕಾಲುನೋವು ಬಹುಪಾಲು ಜನರಲ್ಲಿ ಕೆಲವು ವಾರಗಳಿಂದ ಎರಡು ಮೂರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ತಗ್ಗುತ್ತದೆ. ಹೊರಬಂದ ತುಣುಕನ್ನು ದೇಹವೇ ನಿಧಾನವಾಗಿ ಕರಗಿಸಿಕೊಳ್ಳುವುದನ್ನು ಸ್ಕ್ಯಾನ್‌ಗಳಲ್ಲಿ ಕಾಣಬಹುದು. ಆದರೆ ಎರಡು ವಾರ ಮಲಗಿಯೇ ಇದ್ದದ್ದು ಒಳ್ಳೆಯದಾಗಲಿಲ್ಲ. ಬೆಳೆದವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಅದರ ಆಹಾರವೆಲ್ಲ ಮಣಿಗಳಿಂದ ಜಿನುಗಿ ಬರಬೇಕು, ಆ ಜಿನುಗಿಗೆ ದೇಹದ ಚಲನೆಯೂ ನೆರವಾಗುತ್ತದೆ. ನೋವು ಸಹಿಸುವಷ್ಟರ ಮಟ್ಟಿಗೆ ಎದ್ದು ನಡೆದಾಡುವುದೇ ಮೇಲು. ಮೂತ್ರ ಕಟ್ಟುವುದು ಅಥವಾ ಮಲಮೂತ್ರದ ಹಿಡಿತ ತಪ್ಪುವುದು, ತೊಡೆಗಳ ಸಂದಿನಲ್ಲಿ ಜೋಮು ಹಿಡಿಯುವುದು, ಕಾಲುಗಳು ಸೋಲುತ್ತಾ ಹೋಗುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಆಗ ಅದುಮಿರುವುದು ನರಗಳ ಇಡೀ ಕಟ್ಟು. ತಡಮಾಡಿದರೆ ಹಾನಿ ಶಾಶ್ವತವಾಗಬಹುದು.

ತಲೆಹೊರೆ ಬೆನ್ನಿಗೆ ಹಗುರವೆಂದು ಓದಿ ಅದು ನಿರಪಾಯವೆಂದು ಯಾರೂ ಭಾವಿಸಬಾರದು. ಕೆನ್ಯಾದ ಹೆಂಗಸರು ತಮ್ಮ ದೇಹತೂಕದ ಶೇಕಡಾ 20ರಷ್ಟು ಭಾರವನ್ನು ತಲೆಯ ಮೇಲೆ ಹೊತ್ತು ನಡೆದರೂ ಹೆಚ್ಚಿನ ಶಕ್ತಿ ವ್ಯಯವಾಗುವುದಿಲ್ಲವೆಂದು 1986ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. 60 ಕಿಲೋ ಮನುಷ್ಯನಿಗೆ ಆ ಲೆಕ್ಕದಲ್ಲಿ ಬರುವುದು 12 ಕಿಲೋ, 50 ಅಲ್ಲ. ತಲೆಯನ್ನಷ್ಟೇ ಹೊರಲು ರೂಪುಗೊಂಡ ಕತ್ತಿನ ಸಣ್ಣ ಮಣಿಗಳ ಮೇಲೆ ಅದರ ಹತ್ತು ಪಟ್ಟು ಹೇರಿದರೆ ವರ್ಷಗಳ ಮೇಲೆ ಅಲ್ಲಿನ ಡಿಸ್ಕುಗಳು ಸವೆಯುತ್ತವೆ. ನನ್ನ ಬಳಿಗೆ ಬರುವ ಮೂಟೆ ಹೊರುವವರಲ್ಲಿ ಕೈಬೆರಳಿನ ಜೋಮು ಸಾಮಾನ್ಯ ದೂರು.

ಗದ್ದೆಯ ಕೆಲಸದ ಬಗ್ಗೆಯೂ ಒಂದು ಮಾತು. ಕೊಡಗಿನ ಕೈಲ್‌ಪೊಳ್ದು ಹಬ್ಬದೊಳಗೆ ನಾಟಿ ಮುಗಿಸುವ ಆತುರದಲ್ಲಿ ಗಂಟೆಗಟ್ಟಲೆ ಪೂರ್ತಿ ಬಗ್ಗಿ ನಿಲ್ಲುತ್ತೇವೆ. ಪೂರ್ತಿ ಬಗ್ಗಿದ ಸ್ಥಿತಿಯಲ್ಲಿ ಬೆನ್ನಿನ ಸ್ನಾಯುಗಳು ಕೆಲಸ ನಿಲ್ಲಿಸಿ ಸುಮ್ಮನಾಗುತ್ತವೆ, ಭಾರವೆಲ್ಲ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ, ಅವು ನಿಧಾನವಾಗಿ ಹಿಗ್ಗುತ್ತವೆ. ಹಿಗ್ಗಿದ ಬೆನ್ನಿನಿಂದ ತಟ್ಟನೆ ಸಸಿಮಡಿಯ ಬುಟ್ಟಿಯನ್ನೋ ಮೂಟೆಯನ್ನೋ ಎತ್ತುವುದು ಅಪಾಯಕರ. ನೆಟ್ಟಗೆ ನಿಂತು ಒಂದೆರಡು ನಿಮಿಷ ಕಳೆದು ಆಮೇಲೆ ಎತ್ತಬೇಕು.


ಉತ್ತರ 3
ಕಾಫಿ ಮತ್ತು ಮೆಣಸಿನ ಬೆಳೆಗಾರ, ನಾಪೋಕ್ಲು

ನಾನು ವೈದ್ಯನಲ್ಲ, ಆದರೆ ನನ್ನ ಬೆನ್ನಿಗಾದ ಅನುಭವ ಇಲ್ಲಿ ಕೆಲಸಕ್ಕೆ ಬರಬಹುದು. ನಾಲ್ಕು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ, ಸಿಲ್ವರ್ ಮರಕ್ಕೆ ಹಬ್ಬಿದ ಬಳ್ಳಿಯಿಂದ ಮೆಣಸು ಕೊಯ್ಯುವಾಗ ಬಿದಿರಿನ ಏಣಿ ಜಾರಿ, ಹದಿನೈದು ಅಡಿಗಿಂತ ಮೇಲಿನಿಂದ ನೆಟ್ಟಗೆ ಕಾಲ ಮೇಲೆ ಬಿದ್ದೆ. ಬಲ ಹಿಮ್ಮಡಿ ಒಡೆಯಿತು. ತೋಟದ ಹುಡುಗರು ಪ್ರೀತಿಯಿಂದಲೇ ನನ್ನ ಕೈಕಾಲು ಹಿಡಿದು ಎತ್ತಿ ಜೀಪಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಕಲ್ಲುರಸ್ತೆಯಲ್ಲಿ ಕುಲುಕಿಸಿಕೊಂಡು ಕರೆದೊಯ್ದರು. ಮೊದಲು ಹೋದ ಚಿಕಿತ್ಸಾಲಯದಲ್ಲಿ ಕಾಲಿಗೆ ಪಟ್ಟಿ ಕಟ್ಟಿ ಕಳುಹಿಸಿದರು. ಬೆನ್ನು ನೋಯುತ್ತಿದೆ ಎಂದರೆ ಬಿದ್ದ ಪೆಟ್ಟು ಎಂದರು. ಹತ್ತು ದಿನಗಳ ಮೇಲೆ ಬೇರೊಂದು ಕಡೆ ಎಕ್ಸ್‌ರೇ ತೆಗೆದಾಗ ಬೆನ್ನಿನ ನಡುವಿಗಿಂತ ಕೆಳಗೆ ಒಂದು ಮಣಿ ಮುಂಭಾಗದಲ್ಲಿ ಕುಸಿದು ಬೆಣೆಯ ಆಕಾರಕ್ಕೆ ಬಂದಿರುವುದು ತಿಳಿಯಿತು. ದೇವರ ದಯೆಯಿಂದ ಕಾಲಿನ ಶಕ್ತಿ ಹೋಗಲಿಲ್ಲ.

ಬಿದ್ದದ್ದು ಹಿಮ್ಮಡಿಯ ಮೇಲೆ. ಒಡೆದದ್ದು ಅಷ್ಟು ದೂರದ ಬೆನ್ನಿನ ಮಣಿ. ಅದೂ ಸೊಂಟದ ತಳದಲ್ಲಲ್ಲ, ನಡುವೆ ಎಲ್ಲೋ. ಇದು ಏಕೆಂದು ಅಂದಿನಿಂದಲೂ ಯೋಚಿಸುತ್ತಿದ್ದೇನೆ.


ಉತ್ತರ 4
ಶರೀರರಚನಾಶಾಸ್ತ್ರದ ನಿವೃತ್ತ ಬೋಧಕ, ಮಡಿಕೇರಿ

ನಿಮ್ಮ ಅನುಭವವನ್ನು ಓದಿ ಮನಸ್ಸಿಗೆ ಕಸಿವಿಸಿಯಾಯಿತು. ಎತ್ತರದಿಂದ ಬಿದ್ದು ಹಿಮ್ಮಡಿ ಒಡೆದವರ ಬೆನ್ನನ್ನು ಪರೀಕ್ಷಿಸದೆ ಕಳುಹಿಸಬಾರದೆಂದು ವೈದ್ಯಕೀಯದಲ್ಲಿ ಬಹಳ ಹಿಂದಿನಿಂದ ಕಲಿಸುತ್ತಾ ಬಂದಿದ್ದಾರೆ. ನೆಲದ ಪೆಟ್ಟು ಹಿಮ್ಮಡಿಯಿಂದ ಮೊಣಕಾಲಿಗೆ, ಅಲ್ಲಿಂದ ತೊಡೆಗೆ, ತ್ರಿಕಕ್ಕೆ, ಬೆನ್ನುಮೂಳೆಗೆ ನೇರ ಏರುತ್ತದೆ; ಅದೇ ಕ್ಷಣದಲ್ಲಿ ಮೇಲಿನ ದೇಹ ಮುಂದಕ್ಕೆ ಮಡಿಯುತ್ತದೆ. ಪಕ್ಕೆಲುಬುಗಳ ಗೂಡಿನಿಂದ ಬಿಗಿಯಾದ ಎದೆಯ ಭಾಗವೂ ಬಗ್ಗಬಲ್ಲ ಸೊಂಟದ ಭಾಗವೂ ಕೂಡುವ ಜಾಗ ಎದೆಯ ಹನ್ನೆರಡನೆಯ ಮತ್ತು ಸೊಂಟದ ಒಂದನೆಯ ಮಣಿ. ಬಿಗಿ ಮುಗಿದು ಸಡಿಲ ಶುರುವಾಗುವ ಕಡೆಯಲ್ಲೇ ಮುರಿತ ಹೆಚ್ಚು. ದೋಟಿಗೆ ಗಟ್ಟಿ ಬಿದಿರನ್ನೂ ಬಳುಕುವ ಕೋಲನ್ನೂ ಸೇರಿಸಿ ಕಟ್ಟಿದರೆ ಮುರಿಯುವುದು ಕಟ್ಟಿನ ಬಳಿಯಲ್ಲೇ ಅಲ್ಲವೇ? ಬೆನ್ನುಹುರಿಯ ತುದಿಯೂ ಹೆಚ್ಚು ಕಡಿಮೆ ಅದೇ ಮಟ್ಟದಲ್ಲಿ ಇರುವುದರಿಂದ ಅಲ್ಲಿನ ಮುರಿತವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಬಿದ್ದವರನ್ನು ಕೈಕಾಲು ಹಿಡಿದು ಎತ್ತಬಾರದು, ಕೂರಿಸಬಾರದು. ಮಣಿ ಮುರಿದಿದ್ದರೂ ಹುರಿ ಉಳಿದಿರಬಹುದು. ನಡು ಮಡಿಸಿದ ಕ್ಷಣದಲ್ಲಿ ಚೂರು ಹಿಂದಕ್ಕೆ ಸರಿದು ಆ ಹುರಿಯನ್ನು ಒತ್ತಬಹುದು. ಮಾತನಾಡಿಸಿ, ಅಲುಗಾಡಬೇಡಿ ಎಂದು ಹೇಳಿ, 108ಕ್ಕೆ ಕರೆ ಮಾಡಬೇಕು. ವಾಹನ ಬಾರದ ಇಳಿಜಾರಾದರೆ ಮೂರು ನಾಲ್ಕು ಜನ ಸೇರಿ, ಒಬ್ಬರು ತಲೆಯನ್ನೂ ಉಳಿದವರು ಭುಜ, ಸೊಂಟ, ಕಾಲುಗಳನ್ನೂ ಒಂದೇ ಗೆರೆಯಲ್ಲಿ ಹಿಡಿದು, ಮರದ ದಿಮ್ಮಿ ಉರುಳಿಸಿದಂತೆ ಒಟ್ಟಿಗೆ ಹೊರಳಿಸಿ, ಅಗಲವಾದ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ಮೆಣಸಿನ ಕೊಯ್ಲಿಗೆ ಮೊದಲು ಪ್ರತಿ ತೋಟದಲ್ಲಿಯೂ ಇದನ್ನು ಒಮ್ಮೆ ಮಾಡಿ ತೋರಿಸಿದರೆ ಅರ್ಧ ಗಂಟೆಯೂ ಬೇಕಾಗುವುದಿಲ್ಲ.


ಉತ್ತರ 5
ಗೃಹಿಣಿ, ಶನಿವಾರಸಂತೆ

ಕುಸಿದ ಮಣಿ ಎಂಬ ಮಾತನ್ನು ಓದಿ ಕೇಳುತ್ತಿದ್ದೇನೆ. ನನ್ನ ಅತ್ತೆಯವರಿಗೆ 74 ವರ್ಷ. ಅವರು ಎಲ್ಲಿಂದಲೂ ಬೀಳಲಿಲ್ಲ, ನೀರಿನ ಬಿಂದಿಗೆ ಎತ್ತುವಾಗ ಬೆನ್ನಿನಲ್ಲಿ ಛಳಕು ಹೊಡೆಯಿತು ಅಷ್ಟೇ. ಅವರಿಗೂ ಮಣಿ ಕುಸಿದಿದೆ ಎಂದೇ ವೈದ್ಯರು ಹೇಳಿದರು. ಬರಿಯ ಬಿಂದಿಗೆಗೆ ಮೂಳೆ ಕುಸಿಯುವುದು ಹೇಗೆ? ಮೊದಲಿಗಿಂತ ಅವರ ಎತ್ತರವೂ ತಗ್ಗಿದೆ.


ಉತ್ತರ 6
ಶರೀರರಚನಾಶಾಸ್ತ್ರದ ನಿವೃತ್ತ ಬೋಧಕ, ಮಡಿಕೇರಿ

ತಾಯಿ, ಮಣಿಯ ಮುಂಭಾಗವನ್ನು ಕೊಯ್ದು ನೋಡಿದರೆ ಅದು ಕಲ್ಲಿನಂತೆ ಗಟ್ಟಿಯಲ್ಲ. ತೆಳುವಾದ ಹೊರಚಿಪ್ಪಿನೊಳಗೆ ಸಣ್ಣ ಸಣ್ಣ ಎಲುಬಿನ ಕಡ್ಡಿಗಳ ಜಾಲವಿದೆ, ಜಾಲದ ಬಿಲಗಳಲ್ಲಿ ಕೆಂಪು ಮಜ್ಜೆ ತುಂಬಿದೆ. ಬೆಳೆದ ಮೇಲೂ ರಕ್ತಕಣಗಳು ಹುಟ್ಟುವ ಮುಖ್ಯ ಜಾಗಗಳಲ್ಲಿ ಬೆನ್ನುಮೂಳೆ ಒಂದು. ಮೊದಲ ಉತ್ತರದಲ್ಲಿ ಇದನ್ನು ಹೇಳದೆ ಬಿಟ್ಟಿದ್ದೆ. ಜಾಲದ ನಿಲುವುಕಡ್ಡಿಗಳು ಭಾರ ಹೊರುತ್ತವೆ, ಅಡ್ಡಕಡ್ಡಿಗಳು ಅವು ಬಾಗದಂತೆ ಹಿಡಿಯುತ್ತವೆ. ಮುಟ್ಟು ನಿಂತ ಮೇಲೆ ಮೂಳೆ ಸವೆಯುವಾಗ ಅಡ್ಡಕಡ್ಡಿಗಳು ಹೆಚ್ಚಾಗಿ ಕಳೆದುಹೋಗುತ್ತವೆ. ಆಸರೆಯಿಲ್ಲದ ಉದ್ದ ಇಮ್ಮಡಿಯಾದರೆ ಕಡ್ಡಿ ಬಾಗದೆ ತಾಳುವ ಭಾರ ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಚಪ್ಪರದ ಗಳಗಳಿಗೂ ಇದೇ ನಿಯಮ. ಆದ್ದರಿಂದ ಮೂಳೆಯ ತೂಕ ಸ್ವಲ್ಪವೇ ಕಡಿಮೆಯಾದರೂ ಬಲ ಬಹಳವಾಗಿ ಕುಗ್ಗುತ್ತದೆ, ಬಿಂದಿಗೆಯಂಥ ಸಣ್ಣ ಭಾರವೂ ಮುಂದೆ ಹಿಡಿದಾಗ ಸನ್ನೆಕೋಲಿನಿಂದ ದೊಡ್ಡದಾಗುತ್ತದೆ. ಮೂಳೆಯ ಸಾಂದ್ರತೆಯ ಪರೀಕ್ಷೆಗೆ ಅವರನ್ನು ಕರೆದೊಯ್ಯಿರಿ; ಒಂದು ಮಣಿ ಕುಸಿದವರಿಗೆ ಇನ್ನೊಂದು ಕುಸಿಯುವ ಸಂಭವ ಹೆಚ್ಚು, ಅದನ್ನು ತಗ್ಗಿಸುವ ಔಷಧಗಳಿವೆ. ವಯಸ್ಸಾಯಿತು ಎಂದು ಬಿಟ್ಟುಬಿಡುವ ವಿಷಯ ಇದಲ್ಲ.


ಉತ್ತರ 7
ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಸೋಮವಾರಪೇಟೆ

ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಇಂದು ತರಗತಿಯಲ್ಲಿ ಒಂದು ಲೀಟರಿನ ನೀರಿನ ಬಾಟಲಿಯನ್ನು ಪೊರಕೆಯ ಕೋಲಿಗೆ ಕಟ್ಟಿ, ಮೊದಲು ಮುಷ್ಟಿಯ ಹತ್ತಿರ, ಆಮೇಲೆ ಕೋಲಿನ ತುದಿಯಲ್ಲಿ ತೂಗಿಸಿ ಮಕ್ಕಳ ಕೈಗೆ ಕೊಟ್ಟೆ. ತುದಿಯಲ್ಲಿದ್ದಾಗ ಯಾರ ಮಣಿಕಟ್ಟೂ ಅರ್ಧ ನಿಮಿಷ ನಿಲ್ಲಲಿಲ್ಲ. ಆ ಹುಡುಗಿ ಕೋಲನ್ನು ಕೆಳಗಿಟ್ಟು, “ಹಾಗಾದರೆ ಅಪ್ಪ ಮೂಟೆಯನ್ನು ಎದೆಗೆ ಒತ್ತಿ ಹಿಡಿದಿದ್ದರೆ ಅರ್ಧಕ್ಕಿಂತ ಕಡಿಮೆ ಆಗುತ್ತಿತ್ತು” ಎಂದು ತಾನೇ ಲೆಕ್ಕ ಹಾಕಿದಳು. ಆದರೆ ಅವಳು ಮುಂದುವರಿದು ಹೇಳಿದ್ದು ನನ್ನನ್ನು ಯೋಚನೆಗೆ ಹಚ್ಚಿದೆ: ತಕ್ಕಡಿಯ ಮುಂದೆ ನೆಲದ ಮೇಲೆ ಬಿದ್ದಿರುವ ಮೂಟೆಯನ್ನು ಎದೆಗೆ ಒತ್ತಿಕೊಳ್ಳಬೇಕಾದರೆ ಮೊದಲು ಬಗ್ಗಲೇಬೇಕಲ್ಲ?


ಉತ್ತರ 8
ಫಿಸಿಯೋಥೆರಪಿಸ್ಟ್, ಗೋಣಿಕೊಪ್ಪ

ಅವಳು ಹೇಳಿದ್ದು ಸರಿ. ಮೊಣಕಾಲು ಮಡಿಸಿ ಎತ್ತಿ ಎಂದು ಕೆಲಸಗಾರರಿಗೆ ಉಪದೇಶ ಮಾಡುವುದರಿಂದ ಅರ್ಧ ಕೆಲಸವಷ್ಟೇ ಆಗುತ್ತದೆ, ಏಕೆಂದರೆ ದೊಡ್ಡ ಮೂಟೆ ಮೊಣಕಾಲುಗಳ ನಡುವೆ ಹಿಡಿಸದೆ ಮತ್ತೆ ಮುಂದಕ್ಕೇ ಹೋಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಶ್‌ನ ಸೂತ್ರದಲ್ಲಿ ಎಲ್ಲವೂ ಅನುಕೂಲವಾಗಿದ್ದಾಗ ಒಬ್ಬರು ಎತ್ತಬಹುದಾದ ಗರಿಷ್ಠ ಭಾರ 23 ಕಿಲೋ. ಅನುಕೂಲ ಎಂದರೆ ಭಾರ ಮೈಗೆ ಹತ್ತಿರವಿರಬೇಕು, ನೆಲದಿಂದ ಸುಮಾರು 75 ಸೆಂಟಿಮೀಟರ್ ಎತ್ತರದಲ್ಲಿರಬೇಕು. 50 ಕಿಲೋ ಚೀಲ ಆ ಮಿತಿಯ ಇಮ್ಮಡಿಗಿಂತಲೂ ಹೆಚ್ಚು. ಆದ್ದರಿಂದ ಮೂಟೆಯನ್ನು ನೆಲದಿಂದ ಎತ್ತುವಾಗ ಇಬ್ಬರು ಇರಲೇಬೇಕು, ತುಂಬಿದ ಮೂಟೆ ನೆಲಕ್ಕೆ ಬೀಳದಂತೆ ಕಟ್ಟೆಯ ಮೇಲೆಯೇ ಚೀಲ ತುಂಬುವ ವ್ಯವಸ್ಥೆಯೂ ಇರಬೇಕು.


ಉತ್ತರ 9
ಕಾಫಿ ಮತ್ತು ಮೆಣಸಿನ ಬೆಳೆಗಾರ, ನಾಪೋಕ್ಲು

ನಮ್ಮ ಕಣದ ಪಕ್ಕದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಹಳೆಯ ಪಲ್ಪರ್ ಇದ್ದ ಕಲ್ಲಿನ ಕಟ್ಟೆಯೊಂದು ಖಾಲಿ ಬಿದ್ದಿದೆ. ಈಗಷ್ಟೇ ಟೇಪು ಹಿಡಿದು ಅಳೆದೆ, 68 ಸೆಂಟಿಮೀಟರ್ ಇದೆ. ಮೇಲೊಂದು ಸಾಲು ಇಟ್ಟಿಗೆ ಇಡಿಸಿದರೆ ನೀವು ಹೇಳಿದ ಎತ್ತರಕ್ಕೆ ಬರುತ್ತದೆ. ಮಳೆ ಶುರುವಾಗುವುದರೊಳಗೆ ಇಡಿಸಿ, ತಕ್ಕಡಿಯನ್ನು ಅದರ ಮೇಲೆ ಕೂರಿಸುತ್ತೇನೆ.